ಶಾಲೆಯ ಬೀಗ ಯಾವ ಕಡೆಗೆ?

ಶಾಲೆ ಅಂದರೆ ಜೈಲು ಎಂದು ಮಕ್ಕಳು ಬೇಸರಕ್ಕೆ ಹೇಳುತ್ತಾರೆ. ದೊಡ್ಡವರ ಬಾಯಲ್ಲೂ ಆ ಮಾತು ಆಗಾಗ ಬರುತ್ತದೆ. ಇವತ್ತು ಅದನ್ನು ಟೇಪು ಹಿಡಿದು ಅಳೆದು ನೋಡೋಣ. ಶಾಲೆಗೂ ಜೈಲಿಗೂ ಎತ್ತರದ ಕಾಂಪೌಂಡ್ ಇದೆ, ದೊಡ್ಡ ಗೇಟು, ಅದರೊಳಗೊಂದು ದಿಡ್ಡಿ ಬಾಗಿಲು, ಅಲ್ಲಿ ಕಾವಲುಗಾರ, ಅವನ ಮುಂದೆ ರಿಜಿಸ್ಟರು. ಒಳಗೆ ಹೋದರೆ ಉದ್ದನೆಯ ಕಾರಿಡಾರು, ಸಾಲು ಕೋಣೆಗಳು, ಕಿಟಕಿಗೆ ಗ್ರಿಲ್ಲು, ಹೊತ್ತು ಹೊತ್ತಿಗೆ ಗಂಟೆ, ಸಮವಸ್ತ್ರ, ಮೂಲೆಯಲ್ಲಿ ಕ್ಯಾಮೆರಾ. ಹೀಗೆ ಪಟ್ಟಿ ಮಾಡುತ್ತಾ ಹೋದರೆ ಎರಡೂ ಒಂದೇ ಅನ್ನಿಸುತ್ತದೆ. ಆದರೆ ಆಸ್ಪತ್ರೆಗೂ ಕಾರಿಡಾರಿದೆ, ಬ್ಯಾಂಕಿಗೂ ಕ್ಯಾಮೆರಾ ಇದೆ. ಪಟ್ಟಿಯಿಂದ ಏನೂ ತೀರ್ಮಾನವಾಗುವುದಿಲ್ಲ.

ನಾವು ಇಟ್ಟುಕೊಂಡಿರುವ ಅಳತೆಗೋಲು ಒಂದೇ. ಜೈಲಿನ ಬಾಗಿಲು ಒಳಗಿದ್ದವರನ್ನು ತಡೆಯಬೇಕು, ಶಾಲೆಯ ಬಾಗಿಲು ಹೊರಗಿನವರನ್ನು ತಡೆಯಬೇಕು. ಬೆಳಿಗ್ಗೆ ಹನ್ನೊಂದು ಗಂಟೆಗೆ ಮೊದಲ ಮಹಡಿಯಲ್ಲಿ ಕೂತಿರುವ ಒಂದನೇ ತರಗತಿಯ ಮಗು, ತನ್ನ ಬೆಂಚಿನಿಂದ ಬಯಲಿನವರೆಗೆ ಯಾರ ಬೀಗದ ಕೈಯನ್ನೂ ಕಾಯದೆ ಬರಬಲ್ಲದೇ? ಬರಬಲ್ಲದಾದರೆ ಗೋಡೆ ಎಷ್ಟೇ ಎತ್ತರವಿರಲಿ, ಅದು ಶಾಲೆ. ಬರಲಾರದಾದರೆ ಗೋಡೆಗೆ ಎಷ್ಟೇ ಚಂದದ ಚಿತ್ರ ಬರೆಸಿರಲಿ, ಆ ಕಟ್ಟಡದ ಗುಣ ಜೈಲಿನದು.

ಮೊದಲು ಎರಡರ ನಂಟಿನ ಚರಿತ್ರೆಯನ್ನು ಚುಟುಕಾಗಿ ನೋಡಿಬಿಡೋಣ. ಇಂಗ್ಲೆಂಡಿನ ಚಿಂತಕ ಜೆರೆಮಿ ಬೆಂಥಮ್ 1791ರಲ್ಲಿ ಪ್ರಕಟಿಸಿದ ಪನಾಪ್ಟಿಕನ್ ಯೋಜನೆಯಲ್ಲಿ ವೃತ್ತಾಕಾರದ ಕಟ್ಟಡ, ಸುತ್ತ ಕೋಣೆಗಳು, ನಡುವೆ ಕಾವಲಿನ ಜಾಗ. ನಡುವೆ ಇರುವವನಿಗೆ ಎಲ್ಲರೂ ಕಾಣುತ್ತಾರೆ, ಅವನು ಯಾರಿಗೂ ಕಾಣುವುದಿಲ್ಲ. ಇದು ಜೈಲಿಗಷ್ಟೇ ಅಲ್ಲ, ಆಸ್ಪತ್ರೆಗೆ, ಕಾರ್ಖಾನೆಗೆ, ಶಾಲೆಗೆ ಕೂಡ ಹೊಂದುತ್ತದೆ ಎಂದು ಬೆಂಥಮ್ ಶೀರ್ಷಿಕೆಯಲ್ಲೇ ಹೇಳಿಕೊಂಡಿದ್ದ. ಸರಿಸುಮಾರು ಅದೇ ಕಾಲಕ್ಕೆ ಮದರಾಸಿನ ಎಗ್ಮೋರಿನ ಅನಾಥಾಲಯದಲ್ಲಿ ಆಂಡ್ರ್ಯೂ ಬೆಲ್ ದೊಡ್ಡ ಮಕ್ಕಳಿಂದ ಚಿಕ್ಕ ಮಕ್ಕಳಿಗೆ ಪಾಠ ಹೇಳಿಸುವ ಕ್ರಮ ನಡೆಸುತ್ತಿದ್ದ. ಅದು ಮದರಾಸು ಪದ್ಧತಿ ಎಂದೇ ಹೆಸರಾಗಿ ಇಂಗ್ಲೆಂಡಿಗೆ ಹೋಯಿತು. ಒಬ್ಬ ಮೇಷ್ಟ್ರು ನೂರಾರು ಮಕ್ಕಳನ್ನು ಒಂದೇ ಹಜಾರದಲ್ಲಿ ನೋಡಿಕೊಳ್ಳಬೇಕಾದಾಗ ಸಾಲು, ಗಂಟೆ, ಎತ್ತರದ ಮೇಜು ಎಲ್ಲವೂ ಬೇಕಾದವು. ಕಾವಲಿನ ಆ ವಿನ್ಯಾಸ ಹೇಗಿರುತ್ತದೆ ಎಂದು ಕಣ್ಣಾರೆ ನೋಡಬೇಕೆಂದರೆ ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಹೋಗಬಹುದು. ಹಳೆಯ ಸೆಂಟ್ರಲ್ ಜೈಲಿನ ಆವರಣವಿದು. ನಡುವಿನ ಕಾವಲು ಗೋಪುರ ಇನ್ನೂ ನಿಂತಿದೆ. ಅದರ ಸುತ್ತ ಬ್ಯಾರಕ್‌ಗಳು ಹರಡಿಕೊಂಡಿದ್ದ ರೀತಿ ನೆಲದ ಮೇಲೆ ಈಗಲೂ ತಿಳಿಯುತ್ತದೆ.

ಆದರೆ ಕರ್ನಾಟಕದ ಹಳ್ಳಿಯ ಸರಕಾರಿ ಶಾಲೆಯ ಕಟ್ಟಡ ಈ ವಂಶದ್ದಲ್ಲ. ಮಂಗಳೂರು ಹೆಂಚು, ಒಂದೇ ಸಾಲು ಕೋಣೆ, ಮುಂದೆ ಉದ್ದಕ್ಕೂ ಜಗಲಿ, ಜಗಲಿಯಿಂದ ಎರಡು ಮೆಟ್ಟಿಲಿಳಿದರೆ ಅಂಗಳ. ಪ್ರತಿ ಕೋಣೆಯ ಬಾಗಿಲೂ ನೇರವಾಗಿ ಬಯಲಿಗೇ ತೆರೆಯುತ್ತದೆ. ಗಾಳಿ ಎರಡೂ ಕಡೆಯಿಂದ ಆಡುತ್ತದೆ. ಬಡತನದಲ್ಲಿ ಕಟ್ಟಿದ ಈ ನಕ್ಷೆ ಬೆಂಕಿಯ ದೃಷ್ಟಿಯಿಂದ ತುಂಬ ಒಳ್ಳೆಯದು. ಜೈಲಿನ ಸೆಲ್‌ ಬ್ಲಾಕಿಗೆ ಹತ್ತಿರವಾಗಿರುವುದು ನಗರದ ಮೂರು ನಾಲ್ಕು ಅಂತಸ್ತಿನ ಶಾಲೆ. ನಡುವೆ ಆರಡಿಯ ಕಾರಿಡಾರು, ಎರಡೂ ಪಕ್ಕ ಕೋಣೆ, ತುದಿಯಲ್ಲಿ ಒಂದು ಮೆಟ್ಟಿಲು, ಇನ್ನೊಂದು ತುದಿ ಪಕ್ಕದ ಮನೆಯ ಗೋಡೆಗೆ ಮುಚ್ಚಿಕೊಂಡಿರುತ್ತದೆ. ಹಳ್ಳಿಯ ಕಟ್ಟಡದ ಅಪಾಯ ಬೇರೆ ಬಗೆಯದು, ಕುಸಿತ. ಜುಲೈ 2025ರಲ್ಲಿ ರಾಜಸ್ಥಾನದ ಝಾಲಾವಾಡ ಜಿಲ್ಲೆಯಲ್ಲಿ ಸರಕಾರಿ ಶಾಲೆಯ ಕಟ್ಟಡ ಕುಸಿದು 7 ಮಕ್ಕಳು ಸತ್ತರು. ಡಿಸೆಂಬರ್ 2021ರಲ್ಲಿ ತಿರುನೆಲ್ವೇಲಿ ನಗರದ ಶಾಲೆಯೊಂದರಲ್ಲೂ ಶೌಚಾಲಯದ ಗೋಡೆ ಬಿದ್ದು ಮೂವರು ಹುಡುಗರು ಸತ್ತರು.

ಬೆಳಕು ಮತ್ತು ಬಯಲಿನ ವಿಷಯಕ್ಕೆ ಬಂದರೆ ಹೋಲಿಕೆ ನೋಯಿಸುತ್ತದೆ. ಕೈದಿಗಳ ಬಗ್ಗೆ ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ನೆಲ್ಸನ್ ಮಂಡೇಲಾ ನಿಯಮಗಳಲ್ಲಿ 14ನೆಯದು, ಹಗಲು ಬೆಳಕಿನಲ್ಲೇ ಓದಲು ಸಾಧ್ಯವಾಗುವಷ್ಟು ದೊಡ್ಡ ಕಿಟಕಿ ಇರಬೇಕು ಎನ್ನುತ್ತದೆ. 23ನೆಯದು, ಹೊರಗಿನ ಕೆಲಸವಿಲ್ಲದ ಪ್ರತಿ ಕೈದಿಗೂ ದಿನಕ್ಕೆ ಕನಿಷ್ಠ ಒಂದು ಗಂಟೆ ಬಯಲಿನಲ್ಲಿ ವ್ಯಾಯಾಮ ಸಿಗಬೇಕು ಎನ್ನುತ್ತದೆ. ನಮ್ಮ ಮಾದರಿ ಕಾರಾಗೃಹ ಕೈಪಿಡಿ ಬ್ಯಾರಕ್ಕಿನಲ್ಲಿ ಮಲಗುವ ಪ್ರತಿಯೊಬ್ಬನಿಗೆ 3.71 ಚದರ ಮೀಟರ್ ನೆಲ, 1.12 ಚದರ ಮೀಟರ್ ಗಾಳಿಕಿಂಡಿ ಎಂದು ತಲೆಲೆಕ್ಕದಲ್ಲಿ ಬರೆದಿಟ್ಟಿದೆ. ಜೈಲುಗಳು ಕಿಕ್ಕಿರಿದಿರುವಾಗ ಅದು ಪಾಲನೆಯಾಗುವುದಿಲ್ಲ, ಆ ಮಾತು ಬೇರೆ. ರಾತ್ರಿಯಿಡೀ ಮಲಗುವ ಜಾಗವನ್ನು ಐದಾರು ಗಂಟೆ ಕೂರುವ ಜಾಗದ ಜೊತೆ ಹೋಲಿಸುವುದು ಸರಿಯಲ್ಲ ಎಂಬುದೂ ನಿಜ. ಆದರೆ ಬಾಡಿಗೆ ಕಟ್ಟಡದ ಎಷ್ಟೋ ಶಾಲೆಗಳಲ್ಲಿ ಮಕ್ಕಳಿಗೆ ದಿನಕ್ಕೊಂದು ಗಂಟೆಯ ಬಯಲು ಸಿಗುತ್ತಿಲ್ಲ. ಟೆರೇಸಿಗೆ ತಗಡು ಹೊದಿಸಿ ಅದನ್ನೇ ಆಟದ ಮೈದಾನ ಎಂದು ಕಾಗದದಲ್ಲಿ ತೋರಿಸುತ್ತಾರೆ.

ಕಿಟಕಿಯ ಲೆಕ್ಕ ಹೀಗೆ. ಸಿಬಿಎಸ್‌ಇ ನಿಯಮದ ಪ್ರಕಾರ ತರಗತಿ ಕೋಣೆ ಕನಿಷ್ಠ 500 ಚದರ ಅಡಿ, ಅಂದರೆ ಸುಮಾರು 46 ಚದರ ಮೀಟರ್. ರಾಷ್ಟ್ರೀಯ ಕಟ್ಟಡ ಸಂಹಿತೆ ನೆಲದ ಅಳತೆಯ ಆರನೇ ಒಂದು ಭಾಗದಷ್ಟು ತೆರೆವನ್ನು ಕರಾವಳಿಯಂಥ ಸೆಕೆಯ ಸೀಮೆಗೆ ಹೇಳುತ್ತದೆ, ಎಂಟನೇ ಒಂದು ಭಾಗವನ್ನು ಮಧ್ಯಮ ತೇವದ ಸೀಮೆಗೆ. ಬಾಗಿಲು ಈ ಲೆಕ್ಕಕ್ಕೆ ಸೇರುವುದಿಲ್ಲ. ನಾಲ್ಕಡಿ ನಾಲ್ಕಡಿಯ ಕಿಟಕಿ ಒಂದೂವರೆ ಚದರ ಮೀಟರ್. ಹಾಗಾದರೆ ಮಂಗಳೂರಿನ ಕೋಣೆಗೆ ಐದು ಕಿಟಕಿ ದಾಟುತ್ತದೆ, ಮಧ್ಯಮ ಸೀಮೆಯ ಕೋಣೆಗೆ ನಾಲ್ಕು ಬೇಕು. ಇಲ್ಲಿ ಎಲ್ಲರೂ ಮರೆಯುವ ಸಂಗತಿಯೊಂದಿದೆ. ಈಚೆಗೆ ಹಾಕುವ ಸ್ಲೈಡಿಂಗ್ ಕಿಟಕಿ ಅರ್ಧ ಮಾತ್ರ ತೆರೆಯುತ್ತದೆ. ನಾಲ್ಕು ಕಿಟಕಿ ಇದ್ದರೆ ಗಾಳಿಗೆ ಎರಡೇ ಇದ್ದ ಹಾಗೆ.

ಇನ್ನು ಬೆಂಕಿ. ಶಾಲೆ ಜೈಲಾಗುವುದು ಎಲ್ಲಿ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿರುವುದು ಬೆಂಕಿಯಲ್ಲೇ. ಅದಕ್ಕೆ ತೆತ್ತ ಬೆಲೆ ಮಕ್ಕಳ ಜೀವ.

ಜುಲೈ 16, 2004. ತಮಿಳುನಾಡಿನ ಕುಂಭಕೋಣಂ. ಒಂದೇ ಕಟ್ಟಡದಲ್ಲಿ ಮೂರು ಶಾಲೆ ನಡೆಯುತ್ತಿತ್ತು. ಬಿಸಿಯೂಟದ ಅಡುಗೆಮನೆಯಲ್ಲಿ ಹತ್ತಿದ ಬೆಂಕಿ ಗರಿಯ ಛಾವಣಿಗೆ ತಗುಲಿತು. ಮೇಲಿನ ಮಹಡಿಯಲ್ಲಿ ಸಣ್ಣ ಮಕ್ಕಳು, ಇಳಿಯಲು ಇಕ್ಕಟ್ಟಾದ ಮೆಟ್ಟಿಲು, ಮೇಲಿಂದ ಉರಿಯುವ ಗರಿ ಕುಸಿದು ಬಿತ್ತು. 94 ಮಕ್ಕಳು ಸತ್ತರು. ಆ ಶಾಲೆಯಲ್ಲಿ ಯಾರೂ ಮಕ್ಕಳನ್ನು ಕೂಡಿಹಾಕಬೇಕೆಂದು ಬಯಸಿರಲಿಲ್ಲ. ಕಟ್ಟಡವೇ ಕೂಡಿಹಾಕಿತು. ಈ ಘಟನೆಯ ಬೆನ್ನಿಗೆ ಬಂದ ಅವಿನಾಶ್ ಮೆಹ್ರೋತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2009ರಲ್ಲಿ, ಶಿಕ್ಷಣದ ಹಕ್ಕೆಂದರೆ ಸುರಕ್ಷಿತ ಶಾಲೆಯಲ್ಲಿ ಶಿಕ್ಷಣ ಪಡೆಯುವ ಹಕ್ಕು ಎಂದು ಹೇಳಿತು.

ಅಮೆರಿಕದ ಎರಡು ಘಟನೆಗಳನ್ನು ಇದರ ಜೊತೆಗೆ ಇಟ್ಟು ನೋಡಬೇಕು. ಮಾರ್ಚ್ 4, 1908ರಂದು ಓಹಾಯೋದ ಕಾಲಿನ್‌ವುಡ್ ಶಾಲೆಯಲ್ಲಿ 172 ಮಕ್ಕಳು ಸತ್ತರು. ಬಾಗಿಲು ಒಳಮುಖವಾಗಿ ತೆರೆಯುತ್ತಿದ್ದದ್ದೇ ಕಾರಣ ಎಂಬ ಮಾತು ಬಹುಕಾಲ ಓಡಾಡಿತು, ಆದರೆ ಅದು ನಿಜವಲ್ಲ. ಮೆಟ್ಟಿಲಿನ ಬುಡದಲ್ಲಿ, ಹೊರಬಾಗಿಲಿಗೆ ಮುಂಚೆ ಇದ್ದ ಸಣ್ಣ ಪಡಸಾಲೆಯನ್ನು ಅಡ್ಡಗೋಡೆಗಳು ಕಿರಿದು ಮಾಡಿದ್ದವು. ಮೆಟ್ಟಿಲಗಲ ಇಳಿದು ಬಂದ ಮಕ್ಕಳು ಆ ಕಿರಿದಾದ ಕಡೆ ಸಿಕ್ಕಿಬಿದ್ದರು. ಡಿಸೆಂಬರ್ 1, 1958ರಂದು ಷಿಕಾಗೋದ ಅವರ್ ಲೇಡಿ ಆಫ್ ದಿ ಏಂಜಲ್ಸ್ ಶಾಲೆಯಲ್ಲಿ 92 ಮಕ್ಕಳು, ಮೂವರು ಸನ್ಯಾಸಿನಿಯರು ಸತ್ತರು. ಮುಚ್ಚುಬಾಗಿಲಿಲ್ಲದ ಮರದ ಮೆಟ್ಟಿಲು ಹೊಗೆಗೆ ಚಿಮಣಿಯಾಯಿತು. ಕಿಟಕಿಯ ಕಟ್ಟೆ ಮೂರಡಿಗೂ ಎತ್ತರವಿದ್ದದ್ದರಿಂದ ಚಿಕ್ಕವರಿಗೆ ಹತ್ತಲಾಗಲಿಲ್ಲ. ಏಣಿ ತಂದ ಅಗ್ನಿಶಾಮಕರಿಗೆ ಅಂಗಳದ ಬೀಗ ಹಾಕಿದ ಕಬ್ಬಿಣದ ಗೇಟು ಅಡ್ಡ ಬಂತು. ಅದನ್ನು ಮುರಿಯಲು ಹೋದ ನಿಮಿಷಗಳಲ್ಲಿ ಮಕ್ಕಳು ಕಿಟಕಿಯಿಂದ ಬೀಳುತ್ತಿದ್ದರು.

ಇಂಥ ಅನುಭವಗಳಿಂದಲೇ ಸಂಹಿತೆಗಳು ಹುಟ್ಟಿವೆ. ನಮ್ಮ ಸಂಹಿತೆ ಶಾಲೆಯನ್ನು ಬಿ ಗುಂಪಿನಲ್ಲಿ, ಸೆರೆಮನೆಯನ್ನು ಸಿ ಗುಂಪಿನಲ್ಲಿ ಇಟ್ಟಿದೆ. ಶಾಲೆಯ ಮೆಟ್ಟಿಲು ಕನಿಷ್ಠ ಒಂದೂವರೆ ಮೀಟರ್ ಅಗಲ ಇರಬೇಕು. ನಿರ್ಗಮನದ ಬಾಗಿಲು ಕನಿಷ್ಠ ಒಂದು ಮೀಟರ್ ಅಗಲವಿದ್ದು ಹೊರಮುಖವಾಗಿ ತೆರೆಯಬೇಕು. ಒಳಗಿನಿಂದ ಹೊರಡುವವರಿಗೆ ಬೀಗದ ಕೈ ಬೇಕಾಗಬಾರದು. ಒಬ್ಬರಿಗೆ 10 ಮಿಲಿಮೀಟರ್ ಮೆಟ್ಟಿಲಗಲ ಎಂಬುದು ಲೆಕ್ಕ. ಒಂದು ಮಹಡಿಯಲ್ಲಿ ನಾಲ್ಕು ಕೋಣೆ, ಕೋಣೆಗೆ 40 ಮಕ್ಕಳು ಎಂದಿಟ್ಟುಕೊಳ್ಳಿ, 160 ಆಯಿತು. ಒಂದೂವರೆ ಮೀಟರಿನ ಮೆಟ್ಟಿಲು 150 ಜನಕ್ಕೆ ಸಾಕು. ಹಾಗಾಗಿ ನಿಯಮದ ಪ್ರಕಾರ ಕಟ್ಟಿದ ಮೆಟ್ಟಿಲು ಕೂಡ ಒಂದೇ ಇದ್ದರೆ ಸಾಲದು. ಮನೆಯನ್ನು ಶಾಲೆ ಮಾಡಿದ ಕಡೆ ಮೆಟ್ಟಿಲು ಮೂರಡಿ ಇರುತ್ತದೆ, ಅದು 90 ಜನದ ಮೆಟ್ಟಿಲು. ಅಂಥ ಮೆಟ್ಟಿಲಿನಲ್ಲಿ ಸೆಕೆಂಡಿಗೊಂದು ಮಗು ಇಳಿಯಿತೆಂದರೂ ಎರಡು ಮಹಡಿಯ 320 ಮಕ್ಕಳಿಗೆ ಐದು ನಿಮಿಷ ಮೀರುತ್ತದೆ. ಹೊಗೆ ಅಷ್ಟು ಹೊತ್ತು ಕಾಯುವುದಿಲ್ಲ.

ಈಗ ಬೀಗದ ವಿಚಾರ. ಸೆರೆಮನೆಯಲ್ಲಿ ಬೀಗ ಹಾಕುವುದು ಸಹಜ, ಆದರೆ ಅದಕ್ಕೆ ಷರತ್ತುಗಳಿವೆ. ಅಮೆರಿಕದ ಅಗ್ನಿ ಸುರಕ್ಷತೆಯ ಎನ್‌ಎಫ್‌ಪಿಎ 101 ಸಂಹಿತೆ, ಕೈದಿಗಳಿರುವ ಕಟ್ಟಡದಲ್ಲಿ ಬೀಗ ತೆಗೆಯಬಲ್ಲ ಸಿಬ್ಬಂದಿ ದಿನದ 24 ಗಂಟೆಯೂ ಇರಬೇಕು, ಕತ್ತಲಲ್ಲಿ ಕೈಗೆ ತಾಕಿದರೂ ಯಾವ ಬಾಗಿಲಿನ ಕೀಲಿ ಎಂದು ಗೊತ್ತಾಗಬೇಕು ಎನ್ನುತ್ತದೆ. ನಮ್ಮ ಶಾಲೆಗಳಲ್ಲಿ ಮೆಟ್ಟಿಲಿನ ಬುಡದ ಕೊಲ್ಯಾಪ್ಸಿಬಲ್ ಗೇಟಿಗೆ ಸರಪಳಿ ಸುತ್ತಿ ಬೀಗ ಹಾಕಿರುತ್ತಾರೆ. ಕೀಲಿ ಅಟೆಂಡರ್ ಜೇಬಿನಲ್ಲಿ, ಅಟೆಂಡರ್ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಯಲ್ಲಿ. ಹಾಗೆ ನೋಡಿದರೆ ಬೀಗ ಹಾಕಿದ ಶಾಲೆ ಜೈಲಿಗಿಂತ ಹೆಚ್ಚು ಅಪಾಯದ ಜಾಗ. ಕೊಲ್ಯಾಪ್ಸಿಬಲ್ ಗೇಟಿನದು ಇನ್ನೊಂದು ತೊಂದರೆ. ಅದು ಪಕ್ಕಕ್ಕೆ ಸರಿಯುವ ಗೇಟು. ಹಿಂದಿನಿಂದ ಐವತ್ತು ಜನ ಒತ್ತಿದರೆ ಪಟ್ಟಿಗಳು ಚಾನೆಲ್ಲಿನಲ್ಲಿ ಕಚ್ಚಿಕೊಂಡು ಬೀಗವಿಲ್ಲದಿದ್ದರೂ ಸರಿಯುವುದಿಲ್ಲ. ಷಟರಿಗೂ ಇದೇ ಮಾತು.

ಯಾಕೆ ಬೀಗ ಹಾಕುತ್ತಾರೆ? ರಾತ್ರಿ ಕಂಪ್ಯೂಟರ್ ಹೋಗುತ್ತದೆ, ಬ್ಯಾಟರಿ ಹೋಗುತ್ತದೆ, ಬಿಸಿಯೂಟದ ಅಕ್ಕಿ ಬೇಳೆ ಹೋಗುತ್ತದೆ. ಈ ಕಾರಣಗಳನ್ನು ತಳ್ಳಿಹಾಕುವಂತಿಲ್ಲ. ತಪ್ಪಾಗುವುದು, ರಾತ್ರಿಗೆ ಬೇಕಾದ ಬೀಗ ಹಗಲಲ್ಲೂ ಅಲ್ಲೇ ಉಳಿದಾಗ. ಇದಕ್ಕೆ ಅಗ್ಗದ, ಬಹಳ ಗಟ್ಟಿಯಾದ ಉಪಾಯವೊಂದಿದೆ. ಮುಖ್ಯ ಶಿಕ್ಷಕರ ಕೋಣೆಯಲ್ಲಿ ಒಂದು ಹಲಗೆ ಹೊಡೆಸಿ, ಶಾಲೆಯಲ್ಲಿ ಎಷ್ಟು ಬೀಗಗಳಿವೆಯೋ ಅಷ್ಟು ಕೊಕ್ಕೆ ಹಾಕಿ, ಪ್ರತಿ ಕೊಕ್ಕೆಯ ಕೆಳಗೆ ಬಾಗಿಲಿನ ಸಂಖ್ಯೆ ಬರೆಯಬೇಕು. ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಬೀಗ ತೆಗೆದವರು ಕೀಲಿಯನ್ನಷ್ಟೇ ಅಲ್ಲ, ಬೀಗವನ್ನೂ ಸರಪಳಿಯನ್ನೂ ತಂದು ಆ ಕೊಕ್ಕೆಗೆ ತೂಗುಹಾಕಬೇಕು. ಗಂಟೆ ಹೊಡೆಯುವ ಮೊದಲು ಹಲಗೆಯ ಕಡೆ ಒಮ್ಮೆ ಕಣ್ಣು ಹಾಯಿಸಿದರೆ ಸಾಕು. ಒಂದು ಕೊಕ್ಕೆ ಖಾಲಿ ಇದ್ದರೆ ಎಲ್ಲೋ ಒಂದು ಬಾಗಿಲು ಮುಚ್ಚಿದೆ ಎಂದರ್ಥ. ಬೀಗ ಬಾಗಿಲಲ್ಲೇ ನೇತಾಡುತ್ತಿದ್ದರೆ ಮಧ್ಯಾಹ್ನ ಯಾರೋ ಅಭ್ಯಾಸಬಲದಿಂದ ಒತ್ತಿಬಿಡುತ್ತಾರೆ. ಅದಕ್ಕೇ ಬೀಗ ಹಲಗೆಯ ಮೇಲಿರಬೇಕು. ಹೊಸ ಕಟ್ಟಡವಾದರೆ ಮುಖ್ಯ ನಿರ್ಗಮನಕ್ಕೆ ಪ್ಯಾನಿಕ್ ಬಾರ್ ಹಾಕಿಸಬಹುದು. ಸೊಂಟದೆತ್ತರದ ಅಡ್ಡಪಟ್ಟಿ ಅದು, ಮೈ ತಾಗಿದರೂ ಚಿಲಕ ಬಿಡುತ್ತದೆ, ಹೊರಗಿನಿಂದ ಮಾತ್ರ ಕೀಲಿ ಬೇಕು. 600ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ 1903ರ ಷಿಕಾಗೋದ ಇರೊಕ್ವಾ ನಾಟಕಶಾಲೆಯ ಬೆಂಕಿಯ ನಂತರ ಬಳಕೆಗೆ ಬಂದ ಸಾಧನ ಇದು. ಹೊರಗಿನವರಿಗೆ ಬೀಗ, ಒಳಗಿನವರಿಗೆ ಬರೀ ಬಾಗಿಲು. ಶಾಲೆಗೆ ಬೇಕಾದದ್ದೂ ಅದೇ.

ದುಡ್ಡಿರುವ ಶಾಲೆಗಳಲ್ಲಿ ಕಾಣುವ ತಪ್ಪು ಇನ್ನೂ ಸೂಕ್ಷ್ಮ. ಗಾಜಿನ ಬಾಗಿಲಿಗೆ ವಿದ್ಯುತ್ಕಾಂತದ ಬೀಗ ಹಾಕಿಸಿ ಕಾರ್ಡ್ ತೋರಿಸಿದರೆ ತೆರೆಯುವ ಹಾಗೆ ಮಾಡಿರುತ್ತಾರೆ. ಸಾಮಾನ್ಯವಾದ 600 ಪೌಂಡಿನ ಮ್ಯಾಗ್ನೆಟಿಕ್ ಲಾಕ್ ಸುಮಾರು 270 ಕೆ.ಜಿ. ಎಳೆತವನ್ನು ತಡೆಯುತ್ತದೆ, ಮಕ್ಕಳು ನೂಕಿದರೆ ಅಲ್ಲಾಡುವುದಿಲ್ಲ. ಕರೆಂಟು ಹೋದರೆ ತಾನಾಗಿ ಬಿಡುತ್ತದೆ ಎಂದು ಮಾರುವವರು ಹೇಳುವುದು ನಿಜವೇ. ಆದರೆ ನಮ್ಮಲ್ಲಿ ಕರೆಂಟು ಪದೇ ಪದೇ ಹೋಗುವುದರಿಂದ ಅದಕ್ಕೊಂದು ಬ್ಯಾಟರಿ ಕೊಟ್ಟಿರುತ್ತಾರೆ. 12 ವೋಲ್ಟು, 7 ಆಂಪಿಯರ್-ಅವರ್ ಬ್ಯಾಟರಿ ಅರ್ಧ ಆಂಪಿಯರ್ ಎಳೆಯುವ ಬೀಗವನ್ನು ಹತ್ತು ಗಂಟೆಗೂ ಹೆಚ್ಚು ಬಿಗಿಯಾಗಿ ಹಿಡಿದಿಡುತ್ತದೆ. ಬೆಂಕಿ ಹತ್ತಿ ಮೇನ್ ಆಫ್ ಮಾಡಿದರೂ ಬಾಗಿಲು ಬಿಡುವುದಿಲ್ಲ. ಬೀಗಕ್ಕೆ ಹೋಗುವ ತಂತಿ ಅಗ್ನಿ ಎಚ್ಚರಿಕೆಯ ರಿಲೇ (ಎಚ್ಚರಿಕೆ ಮೊಳಗಿದೊಡನೆ ಕರೆಂಟು ಕಡಿಯುವ ಸ್ವಿಚ್ಚು) ಮೂಲಕವೇ ಹಾದುಹೋಗಬೇಕು. ಬಾಗಿಲ ಪಕ್ಕದ ಹಸಿರು ಗುಂಡಿ ಆ ತಂತಿಯನ್ನು ನೇರವಾಗಿ ಕಡಿಯಬೇಕು, ಕಂಪ್ಯೂಟರಿಗೆ ಸಂದೇಶ ಕಳಿಸಿ ಅದರ ಅಪ್ಪಣೆಗೆ ಕಾಯಬಾರದು. ಪರೀಕ್ಷೆ ಸುಲಭ: ಮೇನ್ ಆಫ್ ಮಾಡಿ, ಎಚ್ಚರಿಕೆಯ ಗುಂಡಿ ಒತ್ತಿ, ಬಾಗಿಲು ನೂಕಿ ನೋಡಿ.

ಗ್ರಿಲ್ಲಿನ ಬಗ್ಗೆ ಜನ ಎರಡು ತುದಿಯಲ್ಲಿ ಮಾತಾಡುತ್ತಾರೆ. ಪೂರ್ತಿ ತೆಗೆದುಬಿಡಿ ಎಂದು ನಾವು ಹೇಳುವುದಿಲ್ಲ. ಮೇಲಿನ ಮಹಡಿಯಿಂದ ಮಗು ಬೀಳುವುದನ್ನು ಅದು ತಡೆಯುತ್ತದೆ. ಅಲ್ಲಿ ಸರಳುಗಳ ನಡುವೆ 10 ಸೆಂಟಿಮೀಟರಿಗಿಂತ ಹೆಚ್ಚು ಸಂದು ಇರಬಾರದು, ಅಡ್ಡ ಸರಳು ಬೇಡ, ಮಕ್ಕಳು ಅದನ್ನೇ ಏಣಿ ಮಾಡಿಕೊಳ್ಳುತ್ತಾರೆ. ಆದರೆ ಪ್ರತಿ ಕೋಣೆಯ ಒಂದು ಕಿಟಕಿಯಲ್ಲಾದರೂ ಗ್ರಿಲ್ಲಿಗೆ ಕೀಲು ಹಾಕಿಸಿ, ಒಳಗಿನಿಂದ ದೊಡ್ಡವರ ಕೈಗೆ ಎಟಕುವ ಎತ್ತರದಲ್ಲಿ ಅಗುಳಿ ಇಡಬೇಕು. 60ಕ್ಕೆ 90 ಸೆಂಟಿಮೀಟರಿನಷ್ಟು ಜಾಗ ತೆರೆದರೆ ಒಬ್ಬರು ನುಸುಳಿ ಹೊರಬರಬಹುದು, ಹೊರಗಿನಿಂದ ಏಣಿ ಹಾಕಿದವರು ಮಗುವನ್ನು ಎತ್ತಿಕೊಳ್ಳಬಹುದು. ನೆಲಮಹಡಿಯಲ್ಲಿ ಇದು ಎರಡನೇ ಬಾಗಿಲೇ ಆಗುತ್ತದೆ. ಬಣ್ಣ ಬಳಿಯುವವರು ಕೀಲನ್ನೂ ಅಗುಳಿಯನ್ನೂ ಸೇರಿಸಿ ಬಳಿದು ಅಂಟಿಸಿಬಿಡುತ್ತಾರೆ. ವರ್ಷಕ್ಕೆರಡು ಸಲ ಎಣ್ಣೆ ಬಿಟ್ಟು ತೆರೆದು ನೋಡದಿದ್ದರೆ ಇದ್ದೂ ಇಲ್ಲದ ಹಾಗೆ.

ಹೊರಗಿನಿಂದ ದಾಳಿಯಾದರೆ ಏನು ಮಾಡುವುದು ಎಂಬ ಪ್ರಶ್ನೆಯನ್ನು ಬದಿಗೆ ಸರಿಸಲಾಗದು. ಡಿಸೆಂಬರ್ 16, 2014ರಂದು ಪೇಶಾವರದ ಸೇನಾ ಶಾಲೆಯಲ್ಲಿ 130ಕ್ಕೂ ಹೆಚ್ಚು ಮಕ್ಕಳನ್ನು ಕೊಂದವರು ಒಳಗೆ ಬಂದದ್ದು ಹಿಂದಿನ ಗೋಡೆ ಹತ್ತಿ. ಗೋಡೆ ಇತ್ತು, ಗೋಡೆಯ ಮೇಲೆ ಕಣ್ಣಿರಲಿಲ್ಲ. ಮೇ 24, 2022ರಂದು ಟೆಕ್ಸಸ್‌ನ ಯುವಾಲ್ಡಿಯಲ್ಲಿ 19 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. ಅಲ್ಲಿ ಹೊರಬಾಗಿಲನ್ನು ಎಳೆದುಕೊಂಡಿದ್ದರೂ ಅದು ಲಾಕ್ ಆಗಲಿಲ್ಲ. ತರಗತಿಯ ಬಾಗಿಲಿಗೆ ಕಾರಿಡಾರಿನ ಕಡೆಯಿಂದ ಮಾತ್ರ ಕೀಲಿ ಹಾಕಲು ಬರುತ್ತಿತ್ತು. ಒಂದು ಕೋಣೆಯ ಬೀಗ ಕೆಟ್ಟಿರುವುದು ಮೊದಲೇ ಗೊತ್ತಿದ್ದ ವಿಷಯ. ಪೊಲೀಸರು ಬಂದ ಮೇಲೂ ಒಳನುಗ್ಗಲು 77 ನಿಮಿಷ ಹೋಯಿತು, ಅದರಲ್ಲಿ ಒಂದಷ್ಟು ಹೊತ್ತು ಕೀಲಿ ಹುಡುಕುವುದರಲ್ಲೇ ಕಳೆಯಿತು. ಇದರಿಂದ ಕಲಿಯಬೇಕಾದ್ದು ಸ್ಪಷ್ಟ. ತರಗತಿಯ ಬಾಗಿಲನ್ನು ಶಿಕ್ಷಕರು ಒಳಗಿನಿಂದ, ಕಾರಿಡಾರಿಗೆ ಕಾಲಿಡದೆ ಭದ್ರ ಮಾಡಿಕೊಳ್ಳುವಂತಿರಬೇಕು. ಅದೇ ಬಾಗಿಲು ಒಳಗಿನಿಂದ ಒಂದೇ ತಿರುವಿಗೆ ತೆರೆಯಬೇಕು. ಹಿಡಿ ನೆಲದಿಂದ 34ರಿಂದ 48 ಇಂಚಿನೊಳಗಿರಬೇಕು. ಹೊರಗಿನಿಂದ ಮಾಸ್ಟರ್ ಕೀಲಿಗೆ ತೆರೆಯಬೇಕು. ಭಯದಲ್ಲಿ ಮೇಲೊಂದು ಕೆಳಗೊಂದು ಬೋಲ್ಟು, ಅಡ್ಡಕ್ಕೆ ಕಬ್ಬಿಣದ ಪಟ್ಟಿ ಹಾಕಿಸಿದರೆ ಹೊಗೆ ತುಂಬಿದಾಗ ಮಕ್ಕಳಿಗೆ ಅದೇ ಮೃತ್ಯುವಾಗುತ್ತದೆ. ಭಾರತದ ಶಾಲೆಗೆ ಯಾವ ಅಪಾಯ ಹೆಚ್ಚು ಎಂದು ಕೇಳಿದರೆ ನಮ್ಮ ಉತ್ತರ: ಬೆಂಕಿ, ಕುಸಿತ, ಗೇಟಿನ ಮುಂದಿನ ವಾಹನ. ಬಂದೂಕಿನ ಸರದಿ ಬಹಳ ಹಿಂದೆ.

ಕ್ಯಾಮೆರಾ ಮಕ್ಕಳನ್ನು ಕಾಯುತ್ತದೆ ಎಂದು ಎಲ್ಲರೂ ನಂಬಿದ್ದಾರೆ. ಜುಲೈ 2025ರಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಿಗೆ ತರಗತಿ, ಕಾರಿಡಾರು, ಮೆಟ್ಟಿಲು, ಗೇಟು ಎಲ್ಲ ಕಡೆ ದನಿಯೂ ದಾಖಲಾಗುವ ಕ್ಯಾಮೆರಾ ಕಡ್ಡಾಯ ಮಾಡಿತು, ಶೌಚಾಲಯ ಬಿಟ್ಟು. ದಾಖಲೆ 15 ದಿನ ಉಳಿಯಬೇಕು. ಲೆಕ್ಕ ಹಾಕಿ. ಎರಡು ಮೆಗಾಪಿಕ್ಸೆಲ್ ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ಬರೆದರೆ ದಿನಕ್ಕೆ 21.6 ಜಿಬಿ. 16 ಕ್ಯಾಮೆರಾಕ್ಕೆ 15 ದಿನಕ್ಕೆ 5 ಟಿಬಿ ಮೀರುತ್ತದೆ. ಒಂದು ಟಿಬಿ ಡಿಸ್ಕ್ ಹಾಕಿಸಿದ್ದರೆ ಮೂರನೇ ದಿನ ತುಂಬುವ ಮೊದಲೇ ಹಳೆಯದನ್ನು ಅಳಿಸಿ ಮೇಲೆ ಬರೆಯತೊಡಗುತ್ತದೆ. ಮಗು ಮನೆಯಲ್ಲಿ ಬಾಯಿ ಬಿಡುವುದಕ್ಕೇ ವಾರ ಹಿಡಿಯುತ್ತದೆ, ಅಷ್ಟರಲ್ಲಿ ದಾಖಲೆ ಇರುವುದಿಲ್ಲ. ಜೊತೆಗೆ ರೆಕಾರ್ಡರಿನ ಗಡಿಯಾರ ತಪ್ಪಿರುವುದು, ಪಾಸ್‌ವರ್ಡು ಕಂಪನಿ ಕೊಟ್ಟದ್ದೇ ಉಳಿದಿರುವುದು, ಗೇಟಿನ ಕ್ಯಾಮೆರಾ ಪೂರ್ವಕ್ಕೆ ಮುಖಮಾಡಿ ಬೆಳಗಿನ ಬಿಸಿಲಿಗೆ ಏನೂ ಕಾಣದಿರುವುದು, ಇವೆಲ್ಲ ನಿತ್ಯದ ದೋಷಗಳು.

ಅದಕ್ಕಿಂತ ದೊಡ್ಡ ಮಾತಿದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚು ಪ್ರಕರಣಗಳಲ್ಲಿ ಆರೋಪಿ ಮಗುವಿಗೆ ಗೊತ್ತಿದ್ದವನೇ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳು ವರ್ಷ ವರ್ಷವೂ ಹೇಳುತ್ತವೆ. ಅವನನ್ನು ಕಾಂಪೌಂಡ್ ತಡೆಯುವುದಿಲ್ಲ, ಅವನಿಗೆ ಗೇಟಿನಲ್ಲಿ ನಮಸ್ಕಾರ ಸಿಗುತ್ತದೆ. ಅಂಥವನಿಗೆ ಬೇಕಾದದ್ದು ಯಾರೂ ನೋಡದ ಮುಚ್ಚಿದ ಕೋಣೆ. ಆದ್ದರಿಂದ ಪ್ರತಿ ಬಾಗಿಲಿಗೂ, ಸಂಗೀತದ ಕೋಣೆ, ಕ್ರೀಡಾ ಸಾಮಾನಿನ ಕೋಣೆ, ಸಲಹೆಗಾರರ ಕೋಣೆ ಸೇರಿ, ಕಣ್ಣಿನ ಮಟ್ಟದಲ್ಲಿ ಒಂದು ಗಾಜಿನ ಪಟ್ಟಿ ಇರಬೇಕು. ಅದರ ಮೇಲೆ ಚಾರ್ಟ್ ಅಂಟಿಸಬಾರದು. ಜೈಲಿನ ಬಾಗಿಲ ಕಿಂಡಿಯಲ್ಲಿ ಕಾವಲುಗಾರ ಮಾತ್ರ ನೋಡುತ್ತಾನೆ. ಈ ಗಾಜಿನಲ್ಲಿ ಹೊರಗಿನವರು ಒಳಗೆ, ಒಳಗಿನವರು ಹೊರಗೆ, ಹಾದುಹೋಗುವ ಯಾರಾದರೂ ಯಾರನ್ನಾದರೂ ನೋಡಬಹುದು. ಬೆಂಥಮ್ಮನ ಗೋಪುರಕ್ಕೂ ಇದಕ್ಕೂ ಇರುವ ಅಂತರ ಅದು. ಚಿಕ್ಕವರ ಶೌಚಾಲಯ ಜನ ಓಡಾಡುವ ಜಗಲಿಯ ಅಂಚಿನಲ್ಲಿರಲಿ, ಕಟ್ಟಡದ ಹಿಂದಿನ ಮೂಲೆಯಲ್ಲಿ ಬೇಡ.

ಕಾಂಪೌಂಡಿಗೂ ಇದೇ ನ್ಯಾಯ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಶಾಲೆಗೆ ಗೋಡೆ ಅಥವಾ ಬೇಲಿ ಎಂದಿದೆ, ಕೋಟೆ ಎಂದಿಲ್ಲ. ಕೆಳಗೆ ಎರಡಡಿ ಗೋಡೆ, ಮೇಲೆ ನಾಲ್ಕಡಿ ನೆಟ್ಟ ಸರಳು ಹಾಕಿದರೆ ಬೀದಿಗೆ ಶಾಲೆ ಕಾಣುತ್ತದೆ. ಮುಚ್ಚಿದ ಆರಡಿ ಗೋಡೆಯ ಒಳಗೆ ಹಾರಿದವನನ್ನು ಆಮೇಲೆ ಯಾರೂ ನೋಡುವುದಿಲ್ಲ. ಗಾಜಿನ ಚೂರು, ಮುಳ್ಳು ಸುರುಳಿ ಗಾಯವಾಗಿಸುವುದು ಚೆಂಡು ತರಲು ಹತ್ತಿದ ಮಕ್ಕಳನ್ನು. ನಾಲ್ಕಿಂಚಿನ ಬ್ಲಾಕಿನಲ್ಲಿ ಉದ್ದಕ್ಕೆ ಎಬ್ಬಿಸಿದ ಗೋಡೆ ಮೂರು ಮೀಟರಿಗೊಂದು ಕಂಬವಿಲ್ಲದೆ ನಿಲ್ಲುವುದಿಲ್ಲ. ಒಂದು ಕಡೆ ಮಣ್ಣು ಎತ್ತರವಿದ್ದರೆ ಬುಡದಲ್ಲಿ ನೀರು ಸೋರುವ ತೂತು ಬಿಡಲೇಬೇಕು. ಅವು ಮುಚ್ಚಿಹೋದ ವರ್ಷ ಮಳೆಗಾಲದಲ್ಲಿ ಗೋಡೆ ಆಟದ ಬಯಲಿನ ಕಡೆಗೇ ಮಗುಚುತ್ತದೆ. ಗೇಟಿನ ಮೇಲೆ ದಾನಿಗಳ ಹೆಸರಿನ ಕಮಾನು ಕಟ್ಟುವ ಮೊದಲು ಅಗ್ನಿಶಾಮಕ ವಾಹನ ಅದರಡಿ ನುಗ್ಗುತ್ತದೆಯೇ ಎಂದು ಠಾಣೆಯವರನ್ನೇ ಕರೆದು ಕೇಳುವುದು ಒಳ್ಳೆಯದು.

ಜೈಲಿನಿಂದ ಶಾಲೆ ಕಲಿಯಬೇಕಾದದ್ದು ಒಂದಿದೆ: ತಲೆ ಎಣಿಕೆ. ಬ್ಯಾರಕ್ ತೆರೆದಾಗ, ಮುಚ್ಚಿದಾಗ ಅಲ್ಲಿ ಎಣಿಕೆ ತಾಳೆಯಾಗಲೇಬೇಕು. ಡಿಸೆಂಬರ್ 1, 2023ರಂದು ಬೆಂಗಳೂರಿನ 40ಕ್ಕೂ ಹೆಚ್ಚು ಶಾಲೆಗಳಿಗೆ ಬಾಂಬ್ ಬೆದರಿಕೆಯ ಇಮೇಲ್ ಬಂತು. ಅದು ಹುಸಿಯಾಗಿತ್ತು, ಆದರೆ ಸಾವಿರಾರು ಮಕ್ಕಳು ಒಮ್ಮೆಲೇ ಬಯಲಿಗೆ ಬಂದರು, ಅಪ್ಪ ಅಮ್ಮಂದಿರು ಗೇಟಿಗೆ ಓಡಿ ಬಂದರು. ಅಂಥ ಹೊತ್ತಿನಲ್ಲಿ ಮೊಬೈಲಿನ ಹಾಜರಿ ಆ್ಯಪ್ ನೆಚ್ಚಿಕೊಳ್ಳುವಂತಿಲ್ಲ. ಶಿಕ್ಷಕರು ಕೋಣೆ ಬಿಡುವಾಗ ಕಾಗದದ ಹಾಜರಿ ಪುಸ್ತಕ ಕೈಯಲ್ಲಿರಬೇಕು, ಮೊದಲ ಪೀರಿಯಡ್ಡಿನಲ್ಲೇ ಗೈರುಹಾಜರಿ ಬರೆದಿರಬೇಕು. ಶೌಚಾಲಯಕ್ಕೆ ಹೋದವರ ಹೆಸರು ಬೋರ್ಡಿನ ಮೂಲೆಯಲ್ಲಿರಬೇಕು. ಬಯಲಿನಲ್ಲಿ ತರಗತಿಗೊಂದು ಜಾಗ ಗುರುತು ಮಾಡಿ, ಎಣಿಸಿ, ಪೂರ್ತಿ ಎಂದೋ ಇಂತಿಷ್ಟು ಕಡಿಮೆ ಎಂದೋ ಮುಖ್ಯ ಶಿಕ್ಷಕರಿಗೆ ಹೇಳಬೇಕು. ಪೋಷಕರನ್ನು ಒಂದು ಗೇಟಿನಲ್ಲಿ ನಿಲ್ಲಿಸಿ, ಮಗುವನ್ನು ಇನ್ನೊಂದು ಗೇಟಿನಲ್ಲಿ ಸಹಿ ತೆಗೆದುಕೊಂಡು ಒಪ್ಪಿಸಬೇಕು. ಒಂದೇ ಗೇಟಾದರೆ ಹೊರಗೆ ಬರುವ ಮಕ್ಕಳೂ ಒಳಗೆ ನುಗ್ಗುವ ದೊಡ್ಡವರೂ ಒಬ್ಬರನ್ನೊಬ್ಬರು ತಡೆದು ನಿಲ್ಲುತ್ತಾರೆ. ಎರಡನೇ ಗೇಟು ಬೇಕು ಎನ್ನುವುದಕ್ಕೆ ಇಷ್ಟು ಕಾರಣ ಸಾಕು.

ಇನ್ನು ಉಳಿದ ಪ್ರಶ್ನೆ ದುಡ್ಡಿನದು. ಸರಕಾರಿ ಶಾಲೆಗೆ ಇಷ್ಟೆಲ್ಲ ಎಲ್ಲಿಂದ? ಇಲ್ಲಿ ಹೇಳಿದ್ದರಲ್ಲಿ ದೊಡ್ಡ ಖರ್ಚಿನದು ಎರಡನೇ ಮೆಟ್ಟಿಲು ಮತ್ತು ಕಾಂಪೌಂಡ್. ಕಾಂಪೌಂಡನ್ನು ನರೇಗಾದಲ್ಲಿ ಕಟ್ಟಿಸಿಕೊಂಡ ಶಾಲೆಗಳು ಕರ್ನಾಟಕದಲ್ಲಿ ಸಾಕಷ್ಟಿವೆ. ಅದಕ್ಕೆ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಠರಾವು ಮಾಡಿ ಗ್ರಾಮ ಪಂಚಾಯಿತಿಯ ಕ್ರಿಯಾ ಯೋಜನೆಗೆ ಸೇರಿಸಬೇಕು. ಎರಡನೇ ಮೆಟ್ಟಿಲು ಕಟ್ಟಿಸಲಾಗದಿದ್ದರೆ ಒಂದು, ಎರಡು, ಮೂರನೇ ತರಗತಿಗಳನ್ನು ಇವತ್ತೇ ನೆಲಮಹಡಿಗೆ ಇಳಿಸಿ, ಕಚೇರಿಯನ್ನೂ ಕಂಪ್ಯೂಟರ್ ಕೋಣೆಯನ್ನೂ ಮೇಲಕ್ಕೆ ಸಾಗಿಸಬಹುದು. ಅದಕ್ಕೆ ಯಾರ ಅನುದಾನವೂ ಬೇಡ. ಬೀಗದ ಹಲಗೆಗೆ ಬಡಗಿಯ ಅರ್ಧ ದಿನ ಸಾಕು, ಗ್ರಿಲ್ಲಿಗೆ ಕೀಲು ಕೂಡಿಸಲು ವೆಲ್ಡಿಂಗ್ ಅಂಗಡಿಯವರ ಒಂದು ದಿನ. ಗ್ಯಾಸ್ ಸಿಲಿಂಡರು ತರಗತಿಯ ಗೋಡೆಗೆ ಒರಗಿದ್ದರೆ ಅದನ್ನು ಹೊರಗಿನ ಗಾಳಿಯಾಡುವ ಜಾಗಕ್ಕೆ ಸಾಗಿಸಬೇಕು. ಆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಆದ್ದರಿಂದ ಸಿಲಿಂಡರಿನ ಹತ್ತಿರ ಚರಂಡಿ, ನೆಲಮಾಳಿಗೆಯ ಬಾಗಿಲು ಯಾವುದೂ ಇರಬಾರದು. ಇಷ್ಟನ್ನು ಮುಂದಿನ ಎಸ್‌ಡಿಎಂಸಿ ಸಭೆಗೆ ವಿಷಯವಾಗಿ ಕೊಡಿ. ಸಭೆಗೆ ಮುಂಚೆ ಸದಸ್ಯರೆಲ್ಲ ಶಾಲೆ ನಡೆಯುತ್ತಿರುವ ಹೊತ್ತಿನಲ್ಲಿ ಹೋಗಿ, ಅತಿ ದೂರದ ಬೆಂಚಿನಿಂದ ಮೆಟ್ಟಿಲಿನವರೆಗೆ ಟೇಪು ಹಿಡಿದು ಅಳೆಯಿರಿ. 30 ಮೀಟರ್ ಮೀರಬಾರದು. ದಾರಿಯಲ್ಲಿ ಸಿಕ್ಕ ಪ್ರತಿ ಬಾಗಿಲನ್ನೂ ಒಳಗಿನಿಂದ ನೂಕಿ, ತೆರೆಯದ ಬಾಗಿಲಿನ ಸಂಖ್ಯೆಯನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.